ರಸ್ತೆ ಅಗೆಯದೆ ಹಳೇ ಒಳಚರಂಡಿ ಪೈಪಿಗೆ ಹೊಸ ಲೈನಿಂಗ್: ಇದು ನಡೆಯುವುದು ಹೇಗೆ?

2025ರ ಜನವರಿ 28. ಟೋಕಿಯೊ ಪಕ್ಕದ ಸೈತಾಮಾ ಪ್ರಾಂತ್ಯದಲ್ಲಿ ಯಾಶಿಯೊ ಅಂತ ಒಂದು ಊರು. ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ಅಲ್ಲಿನ ಒಂದು ಸರ್ಕಲ್‌ನಲ್ಲಿ ರಸ್ತೆ ಇದ್ದಕ್ಕಿದ್ದ ಹಾಗೆ ಕುಸಿಯಿತು. ಅದೇ ಹೊತ್ತಿಗೆ ಬಂದ ಲಾರಿಯೊಂದು ಗುಂಡಿಗೆ ಬಿತ್ತು. ಗುಂಡಿ ದಿನದಿಂದ ದಿನಕ್ಕೆ ಬೆಳೆಯಿತು. ಕೊನೆಗೆ ಸುಮಾರು 40 ಮೀಟರ್ ಅಗಲವಾಯಿತು. ಲಾರಿ ಚಾಲಕರ ದೇಹವನ್ನು ಹೊರಗೆ ತೆಗೆಯಲು ಆಗಿದ್ದು ಮೇ ತಿಂಗಳಲ್ಲಿ.

ಕುಸಿತಕ್ಕೆ ಕಾರಣ ಸುಮಾರು 10 ಮೀಟರ್ ಆಳದಲ್ಲಿದ್ದ ಒಳಚರಂಡಿ ಪೈಪು. ಅದರ ವ್ಯಾಸ 4.75 ಮೀಟರ್, ಅಂದರೆ ಒಳಗೆ ಒಂದು ಬಸ್ಸು ನಿಲ್ಲಿಸಬಹುದಾದಷ್ಟು. ಹನ್ನೆರಡು ಊರುಗಳ ಕೊಳಚೆ ಅದರಲ್ಲೇ ಹೋಗುತ್ತಿತ್ತು. ಸ್ನಾನ, ಬಟ್ಟೆ ಒಗೆಯುವುದು ಸ್ವಲ್ಪ ಕಡಿಮೆ ಮಾಡಿ ಎಂದು ಅಧಿಕಾರಿಗಳು ಸುಮಾರು 12 ಲಕ್ಷ ಜನರನ್ನು ಕೇಳಿಕೊಳ್ಳಬೇಕಾಯಿತು. ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು, ಬಳಸಿದ ನೀರು ಹೋಗಲು ಮಾತ್ರ ದಾರಿ ಇರಲಿಲ್ಲ.

ಆ ಪೈಪು ಹಾಕಿದ್ದು 1983ರಲ್ಲಿ. ಜಪಾನಿನಲ್ಲಿ ಒಳಚರಂಡಿ ಪೈಪಿಗೆ 50 ವರ್ಷ ಆಯಸ್ಸು ಎಂದು ಲೆಕ್ಕ. ಇದು 42ಕ್ಕೇ ಕೈಕೊಟ್ಟಿತು.

ಬೆಂಗಳೂರಿನಲ್ಲಿ ಯೋಜನೆ ಹಾಕಿ ಒಳಚರಂಡಿ ಕಟ್ಟಲು ಶುರುಮಾಡಿದ್ದು 1922ರಲ್ಲಿ. ಇಲ್ಲಿಯೂ, ರಾಜ್ಯದ ಬೇರೆ ಹಳೇ ಪಟ್ಟಣಗಳಲ್ಲೂ ನೆಲದಡಿ ತಲೆಮಾರುಗಳಷ್ಟು ಹಳೆಯ ಪೈಪುಗಳಿವೆ. ಯುಜಿಡಿ, ಅಂದರೆ ಒಳಚರಂಡಿ ಕೆಲಸ ಅಂದರೆ ನಮಗೆ ಕಣ್ಣಮುಂದೆ ಬರುವುದು ಜೆಸಿಬಿ, ಮಣ್ಣಿನ ಗುಡ್ಡೆ, ತಿಂಗಳುಗಟ್ಟಲೆ ಮುಚ್ಚಿದ ರಸ್ತೆ. ಆದರೆ ರಸ್ತೆ ಅಗೆಯದೆ, ಮ್ಯಾನ್‌ಹೋಲ್ ಮೂಲಕವೇ ಹಳೇ ಪೈಪಿನ ಒಳಗೆ ಹೊಸ ಪ್ಲಾಸ್ಟಿಕ್ ಪೈಪು ಮಾಡುವ ದಾರಿಯೂ ಇದೆ. ಇದು ಬಳಕೆಗೆ ಬಂದು 50 ವರ್ಷ ದಾಟಿದೆ.

ಪೈಪು ಕೆಡುವುದು ತಲೆಯಿಂದ

ಕೊಳಚೆ ಹರಿಯುವುದು ಪೈಪಿನ ತಳದಲ್ಲಿ, ಹಾಗಾಗಿ ಮೊದಲು ಸವೆಯುವುದು ತಳವೇ ಅಂದುಕೊಳ್ಳುತ್ತೇವೆ ಅಲ್ವಾ? ಕಾಂಕ್ರೀಟ್ ಪೈಪಿನಲ್ಲಿ ಸಾಮಾನ್ಯವಾಗಿ ಆಗುವುದು ಉಲ್ಟಾ. ತಳ ಗಟ್ಟಿಯಾಗಿಯೇ ಇರುತ್ತದೆ. ನೀರು ತಾಗದ ಮೇಲ್ಭಾಗ ಕರಗಿ ಹೋಗಿರುತ್ತದೆ.

ಪೈಪಿನ ಒಳಮೈಯಲ್ಲಿ, ನೀರಿನ ಮಟ್ಟದ ಕೆಳಗೆ, ಲೋಳೆ ಕಟ್ಟಿರುತ್ತದೆ. ಆ ಲೋಳೆಯ ಒಳಪದರಕ್ಕೆ ಆಮ್ಲಜನಕ ಸಿಗುವುದಿಲ್ಲ. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಕೊಳಚೆಯಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವ ಅನಿಲ ಇದೇ. ನೀರು ಎತ್ತರದಿಂದ ಧುಮುಕುವ ಕಡೆ, ಜೋರಾಗಿ ತಿರುಗುವ ಕಡೆ ಅದು ಹೊರಗೆ ಬಂದು ಪೈಪಿನ ಮೇಲ್ಭಾಗ ಸೇರುತ್ತದೆ. ಮೇಲಿನ ಗೋಡೆ ಸದಾ ಬೆವರಿ ಒದ್ದೆಯಾಗಿರುತ್ತದೆ. ಅಲ್ಲಿ ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳಿವೆ. ಅವು ಈ ಅನಿಲವನ್ನು ಸಲ್ಫ್ಯೂರಿಕ್ ಆಮ್ಲವಾಗಿ ಬದಲಾಯಿಸುತ್ತವೆ. ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ ಆಮ್ಲ. ಕಾಂಕ್ರೀಟಿನ ಸುಣ್ಣದ ಅಂಶ ಇದರ ಜೊತೆ ಸೇರಿ ಜಿಪ್ಸಂ ಆಗುತ್ತದೆ. ಶಾಲೆಯ ಸೀಮೆಸುಣ್ಣವೂ ಸಾಮಾನ್ಯವಾಗಿ ಜಿಪ್ಸಂನದ್ದೇ. ನೆನೆದ ಸೀಮೆಸುಣ್ಣವನ್ನು ಉಗುರಲ್ಲಿ ಕೆರೆದರೆ ಹೇಗೆ ಬರುತ್ತದೋ ಹಾಗಾಗಿರುತ್ತದೆ ಗೋಡೆ. ಮೇಲ್ಪದರ ಉದುರಿದ ಮೇಲೆ ಆಮ್ಲ ಒಳಗಿನ ಕಬ್ಬಿಣದ ಸರಳನ್ನು ಹಿಡಿಯುತ್ತದೆ.

ಮ್ಯಾನ್‌ಹೋಲಿಗೆ ಇಳಿದವರ ಜೀವ ತೆಗೆಯುವುದೂ ಹೆಚ್ಚಾಗಿ ಇದೇ ಅನಿಲ. ಸ್ವಲ್ಪ ಇದ್ದರೆ ಮೂಗಿಗೆ ಬಡಿಯುತ್ತದೆ, ಜಾಸ್ತಿಯಾದರೆ ಮೂಗಿನ ಶಕ್ತಿಯನ್ನೇ ಮರಗಟ್ಟಿಸುತ್ತದೆ. ವಾಸನೆ ಇಲ್ಲ ಅಂತ ಇಳಿದವರು ಮೇಲೆ ಬರುವುದಿಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಗಿಳಿಸುವುದನ್ನು ನಮ್ಮ ದೇಶದಲ್ಲಿ 2013ರ ಕಾನೂನು ನಿಷೇಧಿಸಿದೆ.

ಸಣ್ಣ ಬೀದಿಗಳ ಕಥೆ ಬೇರೆ. ಅಲ್ಲಿ ಹಳೇ ಕಾಲದ ಸ್ಟೋನ್‌ವೇರ್ ಪೈಪುಗಳಿರುತ್ತವೆ, ಮಣ್ಣನ್ನು ಸುಟ್ಟು ಹೊಳಪು ಕೊಟ್ಟವು. ಉಪ್ಪಿನಕಾಯಿ ಜಾಡಿಯ ಜಾತಿ ಅನ್ನಿ. ಆಮ್ಲಕ್ಕೆ ಇವು ಜಗ್ಗುವುದಿಲ್ಲ. ಆದರೆ ಒಂದೊಂದು ತುಂಡೂ ಗಿಡ್ಡ, ಹಾಗಾಗಿ ಜೋಡಣೆಗಳು ಜಾಸ್ತಿ. ಜೋಡಣೆಯ ಸಿಮೆಂಟ್ ಬಿರುಕು ಬಿಟ್ಟರೆ ಕೂದಲೆಳೆಯಷ್ಟು ಸಂದಿಯೂ ಮರದ ಬೇರಿಗೆ ಸಾಕು. ಒಳಗೆ ನೀರಿದೆ, ಗೊಬ್ಬರವಿದೆ. ಬೇರು ಯಾಕೆ ಬಿಡುತ್ತದೆ?

ಪೈಪು ಒಡೆದರೆ ರಸ್ತೆ ಯಾಕೆ ಬೀಳುತ್ತದೆ?

ಮರಳು ತುಂಬಿದ ಡಬ್ಬಿಯ ತಳಕ್ಕೆ ಒಂದು ತೂತು ಮಾಡಿ ನೋಡಿ. ಮರಳು ಸದ್ದಿಲ್ಲದೆ ಸೋರುತ್ತದೆ. ಪೈಪಿನ ತಲೆಯಲ್ಲಿ ತೂತಾದರೆ ಸುತ್ತಲಿನ ಮಣ್ಣು ಅಂತರ್ಜಲದ ಜೊತೆ ಹಾಗೇ ಒಳಗೆ ಇಳಿಯುತ್ತದೆ. ಹರಿಯುವ ಕೊಳಚೆ ಅದನ್ನು ಕೊಚ್ಚಿಕೊಂಡು ಹೋಗುವುದರಿಂದ ತೂತು ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಪೈಪಿನ ಮೇಲೆ ಪೊಳ್ಳು ಹುಟ್ಟುತ್ತದೆ. ಅದು ವರ್ಷಗಟ್ಟಲೆ ಮೇಲೇರುತ್ತದೆ. ಕಡೆಗೆ ಉಳಿಯುವುದು ಮೇಲಿನ ಡಾಂಬರು ಮಾತ್ರ, ಹಪ್ಪಳದ ಹಾಗೆ. ಅವತ್ತು ಅದರ ಮೇಲೆ ಯಾರ ಗಾಡಿ ಬರುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಅಗೆದು ಹೊಸದು ಹಾಕಿದರೆ ಆಗಲ್ವಾ?

ಆಗುತ್ತದೆ. ಆದರೆ ಕೊಳಚೆ ಇಳಿಜಾರಿನಲ್ಲಿ ತಾನಾಗಿ ಹರಿಯಬೇಕು. ಆದ್ದರಿಂದ ಲೈನು ಮುಂದೆ ಹೋದಷ್ಟೂ ಪೈಪು ಆಳಕ್ಕೆ ಹೋಗುತ್ತದೆ. ಐದಾರು ಮೀಟರ್ ಆಳ ಅಗೆಯಬೇಕಾದರೆ ಅಕ್ಕಪಕ್ಕದ ಮಣ್ಣು ಬೀಳದಂತೆ ತಡೆ ಕಟ್ಟಬೇಕು, ಊಟೆ ನೀರು ಎತ್ತುತ್ತಲೇ ಇರಬೇಕು. ದಾರಿಯಲ್ಲಿ ಕುಡಿಯುವ ನೀರಿನ ಪೈಪು, ಕರೆಂಟಿನ ಕೇಬಲ್, ಗ್ಯಾಸ್ ಲೈನು, ಇಂಟರ್ನೆಟ್ ಕೇಬಲ್ ಎಲ್ಲ ಸಿಗುತ್ತವೆ. ಹಳೇ ಪೇಟೆಯ ಗಲ್ಲಿಯಲ್ಲಾದರೆ ಮನೆಗಳ ಪಾಯವೇ ಅಡ್ಡ ಬರುತ್ತದೆ. ಖರ್ಚಿನ ದೊಡ್ಡ ಪಾಲು ಹೋಗುವುದು ಪೈಪಿಗಲ್ಲ, ಈ ಗುಂಡಿಗೆ. ಬಾಗಿಲ ಮುಂದೆ ಗುಂಡಿ ಇರುವಷ್ಟು ದಿನ ಗಿರಾಕಿ ಬಾರದ ಅಂಗಡಿಯವರ ನಷ್ಟವನ್ನಂತೂ ಯಾವ ಟೆಂಡರಿನಲ್ಲೂ ಬರೆಯುವುದಿಲ್ಲ.

ಇಲ್ಲಿಯೇ ಒಂದು ಸರಳ ಯೋಚನೆ ಹುಟ್ಟಿತು. ಹಳೇ ಪೈಪು ಶಕ್ತಿ ಕಳೆದುಕೊಂಡಿರಬಹುದು, ಆದರೆ ಮಣ್ಣಿನಲ್ಲಿ ಉದ್ದಕ್ಕೂ ಒಂದು ಸುರಂಗವನ್ನು ಉಳಿಸಿಕೊಂಡಿದೆ. ಆ ಸುರಂಗವನ್ನೇ ಅಚ್ಚು ಮಾಡಿಕೊಂಡು ಹೊಸ ಪೈಪು ಎರಕ ಹೊಯ್ದರೆ?

ದಿಂಬಿನ ಕವರ್ ಮಗುಚುವ ಹಾಗೆ

ಹೀಗೆ ಯೋಚಿಸಿದವರು ಎರಿಕ್ ವುಡ್ ಎಂಬ ಇಂಗ್ಲಿಷ್ ಎಂಜಿನಿಯರ್. 1971ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ, ನೂರು ವರ್ಷ ಹಳೆಯ ಇಟ್ಟಿಗೆ ಚರಂಡಿಯ ಸುಮಾರು 70 ಮೀಟರ್ ಉದ್ದಕ್ಕೆ ಮೊದಲ ಲೈನಿಂಗ್ ಆಯಿತು. ಆ ಚರಂಡಿ ಗುಂಡಗಿರಲಿಲ್ಲ, ಮೊಟ್ಟೆಯ ಆಕಾರದ್ದು. ಚೂಪು ತುದಿ ಕೆಳಗಿರುತ್ತದೆ. ನೀರು ಕಡಿಮೆ ಇದ್ದಾಗಲೂ ಇಕ್ಕಟ್ಟಾದ ತಳದಲ್ಲಿ ಜೋರಾಗಿ ಹರಿದು ಕಸ ಕೂರದಿರಲಿ ಅಂತ ಹಳಬರ ಉಪಾಯ. ಅಂಥ ಆಕಾರಕ್ಕೆ ಅಂಗಡಿಯಲ್ಲಿ ರೆಡಿಮೇಡ್ ಪೈಪು ಸಿಗುವುದಿಲ್ಲ. ಆದರೆ ಬಟ್ಟೆ ಯಾವ ಆಕಾರಕ್ಕೂ ಒಗ್ಗುತ್ತದೆ ಅಲ್ವಾ?

ಹೌದು, ಶುರುವಾಗುವುದು ಬಟ್ಟೆಯಿಂದ. ರವಿಕೆಗೆ ಒಳಗಿನಿಂದ ಲೈನಿಂಗ್ ಬಟ್ಟೆ ಕೊಡುತ್ತಾರಲ್ಲ, ಇಲ್ಲಿಯೂ ಅದೇ ಪದ. ಪಾಲಿಯೆಸ್ಟರ್ ನಾರನ್ನು ಒತ್ತಿ ಮಾಡಿದ ಕಂಬಳಿಯಂಥ ದಪ್ಪ ಬಟ್ಟೆಯನ್ನು ಪೈಪಿನ ಅಳತೆಗೆ ಚೀಲದಂತೆ ಹೊಲಿಯುತ್ತಾರೆ. ಒಂದು ಮೈಗೆ ನೀರು ದಾಟದ ಪ್ಲಾಸ್ಟಿಕ್ ಪದರ ಇರುತ್ತದೆ. ಈ ಚೀಲಕ್ಕೆ ರೆಸಿನ್ ಕುಡಿಸುತ್ತಾರೆ. ರೆಸಿನ್ ಅಂದರೆ ಮೊದಲು ಜೇನಿನಂತೆ ಹರಿಯುವ, ಆಮೇಲೆ ಕಲ್ಲಾಗುವ ಅಂಟು. ನಲ್ಲಿ ಸೋರಿದರೆ ಎರಡು ಬಣ್ಣದ ಎಂ-ಸೀಲ್ ಕಲಸಿ ಮೆತ್ತುತ್ತೇವಲ್ಲ, ಅದರ ದೊಡ್ಡಣ್ಣ ಇದು. ಒಂದು ಹನಿ ಜಾಗವೂ ಒಣಗಿ ಉಳಿಯಬಾರದು. ಹಾಗಾಗಿ ಚೀಲದ ಒಳಗಿನ ಗಾಳಿ ಎಳೆದು, ಗಾಣದಲ್ಲಿ ಕಬ್ಬು ಕೊಟ್ಟ ಹಾಗೆ ಎರಡು ರೋಲರ್ ನಡುವೆ ಒತ್ತಿಸುತ್ತಾರೆ. ಬಿಸಿಲು ಬಿದ್ದರೆ ದಾರಿಯಲ್ಲೇ ಗಟ್ಟಿಯಾದೀತು, ಅದಕ್ಕೆ ಐಸಿಟ್ಟ ಲಾರಿಯಲ್ಲಿ ಮೀನು ತರುವಂತೆ ತಣ್ಣಗೆ ತರುತ್ತಾರೆ.

ಈಗ ಇದನ್ನು ಪೈಪಿನೊಳಗೆ ಕಳಿಸಬೇಕು. ಒರಟಾದ ಹಳೇ ಗೋಡೆಗೆ ತಿಕ್ಕಿಕೊಂಡು ಎಳೆದರೆ ಬಟ್ಟೆ ಹರಿಯಬಹುದು. ಹ್ಯಾಕ್ನಿಯ ನಂತರದ ವರ್ಷಗಳಲ್ಲಿ ವುಡ್ ಇದಕ್ಕೊಂದು ಜಾಣ ಉಪಾಯ ತಂದರು. ದಿಂಬಿನ ಕವರನ್ನು ಒಳಹೊರಗು ಮಗುಚುವುದನ್ನು ನೆನೆಸಿಕೊಳ್ಳಿ. ಕವರಿನ ಬಾಯಿ ಒಂದು ಕಡೆ ಗಟ್ಟಿಯಾಗಿ ಹಿಡಿದು, ಕೈ ಒಳಗೆ ತೂರಿಸಿ ತಳ್ಳುತ್ತಾ ಹೋದರೆ ಒಳಮೈ ಹೊರಗೆ ಬರುತ್ತದೆ. ಇಲ್ಲಿ ಚೀಲದ ಬಾಯಿಯನ್ನು ಮ್ಯಾನ್‌ಹೋಲಿನಲ್ಲಿ ಕಟ್ಟುತ್ತಾರೆ. ಕೈಯ ಬದಲು ನೀರಿನ ಭಾರ ಅಥವಾ ಗಾಳಿಯ ಒತ್ತಡ ತಳ್ಳುತ್ತದೆ. ಚೀಲ ಮಗುಚುತ್ತಾ ಮಗುಚುತ್ತಾ ಮುಂದಿನ ಮ್ಯಾನ್‌ಹೋಲ್ ತನಕ ಸಾಗುತ್ತದೆ. ಅಂಟಿನ ಮೈ ಹಳೇ ಗೋಡೆಗೆ ಒತ್ತಿಕೊಳ್ಳುತ್ತದೆ, ಪ್ಲಾಸ್ಟಿಕ್ ಮೈ ನೀರಿನ ಕಡೆಗೆ ಬರುತ್ತದೆ. ಉಜ್ಜಾಟವೇ ಇಲ್ಲ. ಎಳೆಯುವುದಲ್ಲ, ಬಿಚ್ಚಿಕೊಳ್ಳುವುದು. ನನ್ನ ಪಾಲಿಗೆ ಇಡೀ ವಿಧಾನದಲ್ಲಿ ಅತಿ ಚಂದದ ಭಾಗ ಇದು.

ಆಮೇಲೆ ಬಿಸಿ ಕೊಡಬೇಕು. ಒಳಗಿನ ನೀರನ್ನು ಬಾಯ್ಲರಿನಲ್ಲಿ ಕಾಯಿಸಿ ಸುತ್ತಿಸುತ್ತಾರೆ, ಇಲ್ಲವೇ ಹಬೆ ಬಿಡುತ್ತಾರೆ. ಕೆಲವೇ ಗಂಟೆಗಳಲ್ಲಿ ಚೀಲ ಹೋಗಿ ಪೈಪು ಆಗಿರುತ್ತದೆ. ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಒಂದೇ ತುಂಡು, ನಡುವೆ ಜೋಡಣೆ ಇಲ್ಲ. ಬೇರಿಗೆ ನುಗ್ಗಲು ಸಂದಿ ಇಲ್ಲ. ಆಮ್ಲಕ್ಕೆ ತಿನ್ನಲು ಸುಣ್ಣವೂ ಇಲ್ಲ.

ಇನ್ನೊಂದು ಬಗೆಯಲ್ಲಿ ಬಟ್ಟೆಯ ಜಾಗದಲ್ಲಿ ಗಾಜಿನ ನಾರು, ಬಿಸಿಯ ಜಾಗದಲ್ಲಿ ಅಲ್ಟ್ರಾವಯಲೆಟ್ ಬೆಳಕು. ಲೈನರನ್ನು ಒಳಗೆಳೆದು ಗಾಳಿ ತುಂಬಿ ಉಬ್ಬಿಸಿ, ದೀಪಗಳ ಒಂದು ಸಣ್ಣ ರೈಲನ್ನು ಅದರೊಳಗೆ ನಿಧಾನಕ್ಕೆ ಓಡಿಸುತ್ತಾರೆ. ಹಲ್ಲಿನ ಡಾಕ್ಟರು ಹುಳುಕಿಗೆ ಮೆದು ಸಿಮೆಂಟ್ ತುಂಬಿ ನೀಲಿ ಬೆಳಕು ಹಿಡಿಯುತ್ತಾರಲ್ಲ, ಅದೇ ತತ್ವ. ಗಾಜಿನ ನಾರು ಗಟ್ಟಿ, ಹಾಗಾಗಿ ಲೈನರ್ ತೆಳುವಾಗಿದ್ದರೂ ನಡೆಯುತ್ತದೆ.

ಅವತ್ತು ನಿಮ್ಮ ಬೀದಿಯಲ್ಲಿ ಏನಾಗುತ್ತದೆ?

ಲೈನರ್ ಹಾಕುವುದಕ್ಕಿಂತ ತಯಾರಿಯೇ ದೊಡ್ಡ ಕೆಲಸ. ಮೇಲಿನ ಮ್ಯಾನ್‌ಹೋಲಿನಲ್ಲಿ ಗಾಳಿ ತುಂಬಿದ ರಬ್ಬರ್ ಬಿರಡೆ ಕೂರಿಸಿ ಹರಿವು ನಿಲ್ಲಿಸುತ್ತಾರೆ. ಕೊಳಚೆಯನ್ನು ಪಂಪಿನಿಂದ ಎತ್ತಿ, ನೆಲದ ಮೇಲೆ ಹಾಸಿದ ಪೈಪಿನಲ್ಲಿ ಸಾಗಿಸಿ ಮುಂದಿನ ಮ್ಯಾನ್‌ಹೋಲಿಗೆ ಬಿಡುತ್ತಾರೆ. ಜೆಟ್ಟಿಂಗ್ ಮಷಿನ್ ಹೂಳು, ಜಿಡ್ಡು ಕೀಳುತ್ತದೆ. ಬೇರು ಕತ್ತರಿಸುತ್ತಾರೆ. ಆಮೇಲೆ ಚಕ್ರದ ಮೇಲಿನ ಕ್ಯಾಮೆರಾ ಒಳಗೆ ಹೋಗಿ, ಬಿರುಕು ಎಲ್ಲಿ, ಮನೆಗಳ ಕನೆಕ್ಷನ್ ಎಷ್ಟು ಮೀಟರ್ ದೂರದಲ್ಲಿ ಎಂದು ಅಳತೆ ಸಮೇತ ಬರೆದುಕೊಂಡು ಬರುತ್ತದೆ.

ಈ ಅಳತೆ ಬಹಳ ಮುಖ್ಯ. ಯಾಕೆಂದರೆ ಲೈನರ್ ಕೂತಾಗ ನಿಮ್ಮ ಮನೆಯ ಕನೆಕ್ಷನ್ ಬಾಯಿಯೂ ಮುಚ್ಚಿಹೋಗುತ್ತದೆ! ಗಟ್ಟಿಯಾದ ಮೇಲೆ ಕ್ಯಾಮೆರಾ ಜೊತೆ ಕಟರ್ ಹೊತ್ತ ಒಂದು ಪುಟ್ಟ ರೋಬೋ ಒಳಗೆ ಹೋಗುತ್ತದೆ. ಕನೆಕ್ಷನ್ ಇರುವ ಕಡೆ ಲೈನರ್ ಸ್ವಲ್ಪ ಗುಳಿ ಬಿದ್ದಿರುತ್ತದೆ, ಅಲ್ಲಿ ಕೊರೆದು ಬಾಯಿ ಬಿಡಿಸುತ್ತದೆ. ಅಷ್ಟು ಹೊತ್ತು ಮನೆಯವರು ನೀರು ಬಿಡಬಾರದು. ಅವತ್ತು ವಾಷಿಂಗ್ ಮಷಿನ್‌ಗೆ ರಜೆ. ಒಂದು ಕನೆಕ್ಷನ್ ಲೆಕ್ಕ ತಪ್ಪಿಹೋದರೆ ಆ ಮನೆಯ ಬಚ್ಚಲಿನಲ್ಲಿ ನೀರು ಹಿಂದಕ್ಕೆ ಬರುತ್ತದೆ, ಆಗ ಗೊತ್ತಾಗುತ್ತದೆ.

ಇನ್ನು ವಾಸನೆ. ಹೆಚ್ಚಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ. ಫೈಬರ್ ಶೀಟ್ ಮಾಡುವ ಶೆಡ್ಡಿನ ಹತ್ತಿರ ಮೂಗಿಗೆ ಹತ್ತುವ ಘಾಟು ಅದರದ್ದೇ. ಬಚ್ಚಲಿನ ಜಾಲಿಯ ಕೆಳಗಿನ ಟ್ರ್ಯಾಪ್‌ನಲ್ಲಿ (ನೀರು ನಿಂತು ವಾಸನೆ ತಡೆಯುವ ಭಾಗ) ನೀರು ಒಣಗಿದ್ದರೆ ಅದು ಮನೆಯೊಳಗೆ ಬರುತ್ತದೆ. ಹಿಂದಿನ ದಿನವೇ ಎಲ್ಲ ಟ್ರ್ಯಾಪ್‌ಗಳಿಗೂ ಒಂದೊಂದು ಚೊಂಬು ನೀರು ಹೊಯ್ದು, ಕೆಲಸದ ದಿನ ಕಿಟಕಿ ತೆಗೆದಿಟ್ಟರೆ ಒಳ್ಳೆಯದು. ಹಬೆಯ ವಿಧಾನದಲ್ಲಿ ಮ್ಯಾನ್‌ಹೋಲಿನಿಂದ ಬಿಳಿ ಹೊಗೆ ಏಳುತ್ತದೆ. ಅದು ಬರೀ ಹಬೆ ಎಂದು ಬಹಳ ಕಾಲ ಹೇಳುತ್ತಿದ್ದರು. 2017ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಹಿಡಿದು ಪರೀಕ್ಷಿಸಿದಾಗ ಸ್ಟೈರೀನ್ ಸೇರಿ ಹಲವು ರಾಸಾಯನಿಕಗಳು ಸಿಕ್ಕವು. ಆದ್ದರಿಂದ ಹೊಗೆ ಏಳುವ ಕಡೆ ನಿಂತು ನೋಡುವುದು, ಮಕ್ಕಳನ್ನು ಬಿಡುವುದು ಬೇಡ.

ಒಳಗೆ ಇನ್ನೊಂದು ಪೈಪು ಬಂದರೆ ಜಾಗ ಕಡಿಮೆಯಾಗಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಲೆಕ್ಕ ಹಾಕೋಣ. 300 ಮಿಲಿಮೀಟರ್ ಪೈಪಿಗೆ 6 ಮಿಲಿಮೀಟರ್ ದಪ್ಪದ ಲೈನರ್ ಹಾಕಿದರೆ ಒಳಗೆ ಉಳಿಯುವುದು 288. ಜಾಗ ಸುಮಾರು 8% ಕಡಿಮೆ. ಆದರೆ ಒರಟು ಕಾಂಕ್ರೀಟಿಗಿಂತ ನುಣುಪು ಪ್ಲಾಸ್ಟಿಕ್ಕಿನ ಮೇಲೆ ನೀರು ಬೇಗ ಜಾರುತ್ತದೆ. ಎಂಜಿನಿಯರುಗಳು ಬಳಸುವ ಸೂತ್ರಕ್ಕೆ ಕಾಂಕ್ರೀಟಿನ ಒರಟುತನ 0.013, ಪ್ಲಾಸ್ಟಿಕ್ಕಿನದ್ದು 0.010 ಎಂದು ಹಾಕಿದರೆ, ತುಂಬಿ ಹರಿಯುವಾಗ ಹೊಸ ಪೈಪು ಹಳೆಯದಕ್ಕಿಂತ ಸುಮಾರು 17% ಜಾಸ್ತಿ ನೀರು ಸಾಗಿಸುತ್ತದೆ. ಪ್ಲಾಸ್ಟಿಕ್ಕಿಗೂ ಲೋಳೆ ಹಿಡಿಯುತ್ತದೆ, ಹಾಗಾಗಿ ಈ ಲಾಭ ಪೂರ್ತಿ ಉಳಿಯುವುದಿಲ್ಲ. ಸಾಮಾನ್ಯವಾಗಿ ದೊಡ್ಡ ನಷ್ಟವಂತೂ ಇಲ್ಲ.

ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುವುದು ಇದರಿಂದ ನಿಲ್ಲುತ್ತದೆಯೇ? ಅರ್ಧ. ಬಿರುಕುಗಳಿಂದ ಒಳಸೇರುತ್ತಿದ್ದ ಅಂತರ್ಜಲ ನಿಲ್ಲುತ್ತದೆ. ತಾರಸಿಯ ಮಳೆನೀರನ್ನು ಸುಮ್ನೆ ಯುಜಿಡಿಗೆ ತಿರುಗಿಸಿರುವ ಮನೆಗಳಿವೆಯಲ್ಲ, ಅದಕ್ಕೆ ಯಾವ ಲೈನರೂ ಮದ್ದಲ್ಲ.

ಜಪಾನಿನ ಸಿಂಬಿ, ಮತ್ತೆ ಎರಡು ದಾರಿ

ಯಾಶಿಯೊದಂಥ ದೈತ್ಯ ಪೈಪಿಗೆ ಬಟ್ಟೆಯ ಚೀಲ ಹೊಂದುವುದಿಲ್ಲ. ಅಷ್ಟು ಕೊಳಚೆಯನ್ನು ನಿಲ್ಲಿಸಿ ಪಂಪಿನಲ್ಲಿ ಸಾಗಿಸುವುದೂ ಆಗದ ಮಾತು. ಇದಕ್ಕೆ ಜಪಾನಿನಲ್ಲೇ 1980ರ ದಶಕದಲ್ಲಿ ಒಂದು ವಿಧಾನ ಹುಟ್ಟಿತು. ಹೆಸರು ಎಸ್‌ಪಿಆರ್. ತಲೆಯ ಮೇಲೆ ಕೊಡ ಹೊರಲು ಬಟ್ಟೆ ಸುತ್ತಿ ಸಿಂಬಿ ಮಾಡುತ್ತಾರಲ್ಲ, ಹಾಗೆ ಗಟ್ಟಿ ಪಿವಿಸಿಯ ಉದ್ದನೆಯ ಪಟ್ಟಿಯನ್ನು ಮ್ಯಾನ್‌ಹೋಲಿನಿಂದ ಒಳಬಿಟ್ಟು, ಯಂತ್ರವೊಂದು ಪೈಪಿನೊಳಗೇ ಸುತ್ತುತ್ತಾ ಹೋಗುತ್ತದೆ. ಒಂದು ಸುತ್ತಿನ ಅಂಚು ಪಕ್ಕದ ಸುತ್ತಿನ ಅಂಚಿಗೆ ಬ್ಯಾಗಿನ ಜಿಪ್ಪಿನಂತೆ ಕಚ್ಚಿಕೊಳ್ಳುತ್ತದೆ. ಹೊಸ ಪೈಪಿಗೂ ಹಳೆಯದಕ್ಕೂ ನಡುವಿನ ಸಂದಿಗೆ ಸಿಮೆಂಟಿನ ಗಾರೆ ತುಂಬುತ್ತಾರೆ. ಹಳೇ ಪೈಪು, ಗಾರೆ, ಪಿವಿಸಿ ಮೂರೂ ಸೇರಿ ಭಾರ ಹೊರುತ್ತವೆ. ತಳದಲ್ಲಿ ಸ್ವಲ್ಪ ಕೊಳಚೆ ಹರಿಯುತ್ತಿದ್ದರೂ ಕೆಲಸ ನಡೆಸಬಹುದು. ಚೌಕದ ಚರಂಡಿಗೂ ಆಗುತ್ತದೆ.

ಎಲ್ಲಕ್ಕಿಂತ ಹಳೆಯ, ಸರಳ ದಾರಿ ಸ್ಲಿಪ್ ಲೈನಿಂಗ್. ದೊಡ್ಡ ಪೈಪಿನೊಳಗೆ ಸಣ್ಣ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಪೈಪನ್ನು ತೂರಿಸುವುದು, ಅಷ್ಟೆ. ಇಲ್ಲಿ ಮಾತ್ರ ಜಾಗ ನಿಜವಾಗಿಯೂ ಹೋಗುತ್ತದೆ. 300ರ ಪೈಪಿನೊಳಗೆ ಒಳವ್ಯಾಸ 230 ಇರುವ ಪೈಪು ಕೂತರೆ, ನುಣುಪಿನ ಲಾಭ ಸೇರಿಸಿದರೂ ಸಾಮರ್ಥ್ಯದ ಮೂರನೇ ಒಂದು ಪಾಲು ಕಡಿಮೆ. ಪೈಪು ಚಿಕ್ಕದಾಗಬಾರದು ಅಂದರೆ ಪೈಪ್ ಬರ್ಸ್ಟಿಂಗ್ ಇದೆ. ಕೋನದಂಥ ಕಬ್ಬಿಣದ ತಲೆಯೊಂದು ಹಳೇ ಪೈಪನ್ನು ಒಳಗಿನಿಂದ ಒಡೆದು ಚೂರುಗಳನ್ನು ಮಣ್ಣಿಗೆ ಒತ್ತುತ್ತಾ, ಹಿಂದೆಯೇ ಹೊಸ ಪೈಪನ್ನು ಎಳೆದು ತರುತ್ತದೆ. ಎರಡು ತುದಿಗೆ ಗುಂಡಿ ಬೇಕು. ಪಕ್ಕದಲ್ಲೇ ಕುಡಿಯುವ ನೀರಿನ ಲೈನಿದ್ದರೆ ಅದಕ್ಕೂ ಪೆಟ್ಟು ಬಿದ್ದೀತು.

ಲೈನಿಂಗ್ ಎಲ್ಲಿ ಆಗುವುದಿಲ್ಲ

ಹಳೇ ಪೈಪು ಅಚ್ಚು ಎಂದೆವು. ಅಚ್ಚು ಸೊಟ್ಟಗಿದ್ದರೆ ಎರಕವೂ ಸೊಟ್ಟ. ಪೈಪು ನಡುವೆ ತಗ್ಗಿ ನೀರು ನಿಲ್ಲುತ್ತಿದ್ದರೆ ಲೈನಿಂಗ್ ಆದ ಮೇಲೂ ಅಲ್ಲೇ ನಿಲ್ಲುತ್ತದೆ. ಒಂದು ತುಂಡು ಇನ್ನೊಂದರಿಂದ ಪೂರ್ತಿ ಜರುಗಿದ್ದರೆ, ಪೈಪು ಜಜ್ಜಿ ದಾರಿಯೇ ಮುಚ್ಚಿದ್ದರೆ, ಅಷ್ಟು ಭಾಗವನ್ನು ಅಗೆದು ಸರಿಮಾಡಲೇಬೇಕು. ಊರು ಬೆಳೆದು ಪೈಪೇ ಸಾಲದಾಗಿದ್ದರೂ ಲೈನಿಂಗ್ ಉಪಯೋಗಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ 50 ವರ್ಷ ಬಾಳಲಿ ಎಂದು ಲೈನರಿನ ದಪ್ಪ ಲೆಕ್ಕ ಹಾಕುತ್ತಾರೆ. ಆದರೆ ರೆಸಿನ್ ಸರಿಯಾಗಿ ಕುಡಿಯದಿದ್ದರೆ, ಬಿಸಿ ಸಾಲದಿದ್ದರೆ ಅದು ಸುಕ್ಕುಗಟ್ಟುತ್ತದೆ, ಮೆದುವಾಗಿಯೇ ಉಳಿಯುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ಮತ್ತೆ ಕ್ಯಾಮೆರಾ ಬಿಟ್ಟು, ಲೈನರಿನ ಒಂದು ತುಂಡನ್ನು ಲ್ಯಾಬಿಗೆ ಕಳಿಸಿ ಪರೀಕ್ಷಿಸುತ್ತಾರೆ.

ಅಂದರೆ ಪೈಪು ಬೀಳುವ ಮೊದಲೇ, ಆಕಾರ ಉಳಿದಿರುವಾಗಲೇ ಹಿಡಿಯಬೇಕು. ಹಿಡಿಯುವುದು ಮಾತ್ರ ಸುಲಭವಿಲ್ಲ. ಆಮ್ಲ ಜಾಸ್ತಿ ತಿನ್ನುವ ಜಾಗಗಳನ್ನು ಜಪಾನಿನಲ್ಲಿ ಐದು ವರ್ಷಕ್ಕೊಮ್ಮೆ ನೋಡಲೇಬೇಕು ಎಂಬ ನಿಯಮವಿದೆ. ಯಾಶಿಯೊದ ಆ ಪೈಪನ್ನು 2021-22ರಲ್ಲಿ ನೋಡಿದ್ದರು. ಸವೆತ ಕಂಡಿತ್ತು. ತಕ್ಷಣ ರಿಪೇರಿ ಬೇಡ ಎಂದು ತೀರ್ಮಾನವಾಗಿತ್ತು. ಕ್ಯಾಮೆರಾಗೆ ಗೋಡೆಯ ಒಳಮೈ ಕಾಣುತ್ತದೆ, ಅದರ ಹಿಂದಿನ ಪೊಳ್ಳು ಕಾಣುವುದಿಲ್ಲ. ರಸ್ತೆಯ ಮೇಲಿನಿಂದ ನೋಡುವ ರೇಡಾರಿಗೆ ಸಾಮಾನ್ಯವಾಗಿ ಒಂದೆರಡು ಮೀಟರ್ ಆಳದವರೆಗೆ ಮಾತ್ರ ಚೆನ್ನಾಗಿ ಕಾಣುತ್ತದೆ, ಇಲ್ಲಿ ಪೈಪು ಇದ್ದದ್ದು ಹತ್ತು ಮೀಟರ್ ಕೆಳಗೆ.

ಕುಸಿತದ ನಂತರ ಜಪಾನ್ ಸರ್ಕಾರ, 2 ಮೀಟರ್ ಅಥವಾ ಅದಕ್ಕಿಂತ ದೊಡ್ಡ ವ್ಯಾಸದ, ಹಾಕಿ 30 ವರ್ಷ ದಾಟಿದ ಪೈಪುಗಳನ್ನೆಲ್ಲ ಮತ್ತೆ ನೋಡಿ ಎಂದು ಊರೂರಿಗೆ ಹೇಳಿತು. ಅಂಥವು ಸುಮಾರು 5,000 ಕಿಲೋಮೀಟರ್ ಇವೆ.